ಗಾಲೆಯ ಕೋಟೆಯ ಮೇಲೆ



ಸಿಂಹಳದ್ವೀಪವೆಂದೊಡನೆ ನಮ್ಮವರ ಮನಸ್ಸು ರಾವಣನ ಕಡೆಗೆ ಹಾರುವುದು ಸಹಜ. ಗಾಲೆಯ ಬಂದರಿನ ಬಳಿಯ ರುಮಸ್ಸಲ ಗುಡ್ಡವನ್ನು, ಹನುಮಂತನ ಕೈಯಿಂದ ಜಾರಿಬಿದ್ದ ಸಂಜೀವಿನಿಯ ತುಣುಕೆಂದು ಅಲ್ಲಿಯ ಜನರೂ ತೋರಿಸುವುದುಂಟು. ಆದರೆ ನಾವು ಈ ಹೊತ್ತು ಹೇಳಹೊರಟಿರುವುದು ಅಷ್ಟು ಹಿಂದಣ ಮಾತಲ್ಲ.

ಕೊಲಂಬೋವಿನಿಂದ ದಕ್ಷಿಣಕ್ಕೆ ಹೋಗುವ ರೈಲು ಬಹುದೂರ ಕಡಲಂಚಿನಲ್ಲಿಯೇ ಸಾಗುತ್ತದೆ. ಒಂದು ಕಿಟಕಿಯಲ್ಲಿ ತೆಂಗು, ಇನ್ನೊಂದರಲ್ಲಿ ಅಲೆ. ನಾವು ಅಲೆಯ ಕಡೆಗೇ ಕುಳಿತು ಹಿಗ್ಗುತ್ತಿದ್ದೆವು. ಪೆರಲಿಯ ಎಂಬ ಊರು ಬಂದಾಗ ಎದುರಿಗಿದ್ದ ವೃದ್ಧರೊಬ್ಬರು ಕಡಲಿಗೆ ಬೆನ್ನುಮಾಡಿ ಕುಳಿತರು. ಕಾರಣವನ್ನು ಆಗ ಕೇಳುವ ಧೈರ್ಯ ನಮಗಾಗಲಿಲ್ಲ.

ಗಾಲೆಯ ನಿಲ್ದಾಣದಿಂದ ಕೋಟೆಗೆ ಕೆಲವೇ ನಿಮಿಷಗಳ ನಡಿಗೆ. 1588ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆಯನ್ನೆಬ್ಬಿಸಿದರು; 1640ರಲ್ಲಿ ಡಚ್ಚರು ಅದನ್ನು ಕಸಿದುಕೊಂಡು ಬಲಪಡಿಸಿದರು; 1796ರಲ್ಲಿ ಅದು ಇಂಗ್ಲಿಷರ ಕೈಸೇರಿತು. ಹಳೆಯ ಹೆಬ್ಬಾಗಿಲಿನ ಒಳಮುಖದಲ್ಲಿ ಡಚ್ ಕಂಪೆನಿಯ 1669ರ ಲಾಂಛನವಿದೆ, ಹೊರಮುಖದಲ್ಲಿ ಇಂಗ್ಲಿಷರದು. ಒಳಗೆ ಬರುವವನಿಗೆ ಒಬ್ಬ ದೊರೆ, ಹೊರಗೆ ಹೋಗುವವನಿಗೆ ಮತ್ತೊಬ್ಬ! ಇವರಿಗಿಂತ ಮೊದಲು ಬಂದ ಚೀನೀ ನೌಕಾಧಿಪತಿ ಝೆಂಗ್ ಹೆ ಸೌಜನ್ಯದಲ್ಲಿ ಒಂದು ಕೈ ಮೇಲು. ಅವನ 1409ರ ಶಾಸನವು ಚೀನೀ, ತಮಿಳು, ಪಾರಸಿ ಭಾಷೆಗಳಲ್ಲಿ ಕ್ರಮವಾಗಿ ಬುದ್ಧನಿಗೂ ವಿಷ್ಣುವಿಗೂ ಅಲ್ಲಾಹುವಿಗೂ ಕಾಣಿಕೆ ಸಲ್ಲಿಸುತ್ತದೆ. ಆ ಕಲ್ಲು 1911ರಲ್ಲಿ ಗಾಲೆಯಲ್ಲಿ ದೊರೆತು, ಈಗ ಕೊಲಂಬೋವಿನ ವಸ್ತುಸಂಗ್ರಹಾಲಯದಲ್ಲಿದೆ.

ಈಜುವ ಆಸೆಯುಳ್ಳವರಿಗೆ ಸಮೀಪದಲ್ಲೇ ಉನವಟುನದ ಮರಳುದಂಡೆಯುಂಟು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿಯ ನೀರು ಶಾಂತ. ಮುಂಗಾರು ಬಂದಮೇಲೆ ಇಳಿಯದಿರುವುದೇ ಲೇಸು. ಇದೇ ಶಾಂತಕಾಲದಲ್ಲಿ ಮಿರಿಸ್ಸದಿಂದ ದೋಣಿಯೇರಿ ನೀಲತಿಮಿಂಗಿಲಗಳನ್ನು ನೋಡಲು ಹೋಗುವರು. ಕೊಗ್ಗಲದಲ್ಲಿ ಕಡಲೊಳಗೆ ನೆಟ್ಟ ಕಂಬಗಳ ಮೇಲೆ ಕುಳಿತು ಗಾಳ ಹಾಕುವವರನ್ನೂ ಕಂಡೆವು. ನಾವು ಚಿತ್ರ ತೆಗೆದೊಡನೆ ದಡದಲ್ಲಿದ್ದವನು ಕೈ ನೀಡಿದ. ಮೀನಿಗಿಂತ ಪ್ರವಾಸಿಯೇ ಹೆಚ್ಚು ಸಿಕ್ಕುತ್ತಿರುವಾಗ ಅವನನ್ನು ಆಕ್ಷೇಪಿಸುವುದು ನ್ಯಾಯವಲ್ಲ. ನಾವು ಹಣವನ್ನು ಕೊಟ್ಟೆವು.

ಸಂಜೆ ಕೋಟೆಗೋಡೆಯ ಮೇಲೆ ನಡೆಯುತ್ತಿದ್ದಾಗ ಊರಿನವರೊಬ್ಬರು ಪೆರಲಿಯದ ಸಂಗತಿಯನ್ನು ತಿಳಿಸಿದರು. 2004ನೆಯ ಡಿಸೆಂಬರ್ 26ರಂದು ಮೊದಲ ಅಲೆ ಬಂದಾಗ ಅಲ್ಲಿ ರೈಲೊಂದು ನಿಂತಿತು. ಊರಿನ ಜನ ಅದೇ ಭದ್ರವೆಂದು ಅದನ್ನೇರಿದರು. ಮುಂದಿನ ಅಲೆ ರೈಲನ್ನೇ ಉರುಳಿಸಿತು. ಸಾವಿರಕ್ಕೂ ಮಿಕ್ಕಿ ಜನ ಮಡಿದರು. ಗಾಲೆಯಲ್ಲಿ ಕೋಟೆಯೊಳಗಿನವರನ್ನು ಗೋಡೆಯೇ ಬಹುಮಟ್ಟಿಗೆ ಕಾಯಿತು. ಪರರಾಜ್ಯದವರು ತಮ್ಮ ವ್ಯಾಪಾರದ ರಕ್ಷಣೆಗೆಂದು ಕಟ್ಟಿದ ಗೋಡೆ ಅದು. ಅದರ ಬುಡದಲ್ಲಿಯೇ, ಹೊರಗಡೆ ಇದ್ದ ಬಸ್ಸು ನಿಲ್ದಾಣವೂ ಕ್ರಿಕೆಟ್ ಮೈದಾನವೂ ನೀರಿನ ಪಾಲಾದುವು.

ಮೈದಾನವನ್ನು ಮತ್ತೆ ಕಟ್ಟಿ, 2007ರ ಡಿಸೆಂಬರಿನಲ್ಲಿ ಅಲ್ಲಿ ಪಂದ್ಯವಾಡಿದರು. ನಾವು ಗೋಡೆಯ ಮೇಲಿನಿಂದ ನೋಡಿದಾಗ ಹುಡುಗರು ಅಭ್ಯಾಸ ಮಾಡುತ್ತಿದ್ದರು. ನಮ್ಮ ಪಕ್ಕದಲ್ಲಿ ಐದಾರು ಮಂದಿ, ಟಿಕೇಟಿಲ್ಲದೆ, ಕಾಲುಗಳನ್ನು ಇಳಿಬಿಟ್ಟು ಕುಳಿತಿದ್ದರು.