ಮಾನ ಯಾವುದರಲ್ಲಿದೆ?



ನಮ್ಮ ಎಷ್ಟೋ ಊರುಗಳಲ್ಲಿ ವೀರಗಲ್ಲುಗಳಿವೆ. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಲು ಹೋಗಿ ಮಡಿದವರಿಗೂ ಹಿರಿಯರು ಅಂಥ ಕಲ್ಲು ನಿಲ್ಲಿಸಿದರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು 950ರಲ್ಲಿ ಕಾಳಿ ಎಂಬ ನಾಯಿಗೂ ನಿಲ್ಲಿಸಿದರು. ಅದು ಕಾಡುಹಂದಿಯೊಡನೆ ಹೋರಾಡಿ ಸತ್ತಿತ್ತು. ಆ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ನಾಯಿಗೆ ಸಂದ ಮಾನ ನೋಡಿ! ಗೋವಿನ ಹಾಡಿನ ಪುಣ್ಯಕೋಟಿಯಂತೂ ಕೊಟ್ಟ ಮಾತಿಗಾಗಿ ಹುಲಿಯ ಬಳಿಗೇ ಮರಳಿತು.

ಮದುವೆಯಲ್ಲಿ ಎಷ್ಟು ಎಲೆ ಹಾಕಿಸಿದನೆಂದು ಬರೆದ ವೀರಗಲ್ಲನ್ನು ನಾನು ಕಂಡಿಲ್ಲ. ನಾವೋ ಮಾನ ಹೋದೀತೆಂದು ಹೊಲವನ್ನೇ ಅಡವಿಡುತ್ತೇವೆ. ವರದಕ್ಷಿಣೆ ಕೊಡುವುದೂ ಕೇಳುವುದೂ 1961ರ ಕಾಯಿದೆಯಂತೆ ಅಪರಾಧ, ಆದರೂ ಕೊಡುತ್ತೇವೆ. ಬರುವ ಸುಗ್ಗಿಯ ನಂತರ ಮದುವೆ ಇಟ್ಟುಕೊಂಡವರು ಸಾಲದ ಪತ್ರಕ್ಕೆ ಸಹಿ ಹಾಕುವ ಮುಂಚೆ ಮಗಳನ್ನೂ ಕೂರಿಸಿಕೊಂಡು ಒಮ್ಮೆ ಲೆಕ್ಕ ಹಾಕಿರಿ.