ಭಾರ ಲೋಹಗಳ ವಿಷ, ಮೊಸರಿನ ಜೀವಾಣು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಲಕಿದ ನೀರು ಕಣ್ಣಿಗೆ ಕಾಣುತ್ತದೆ. ಉಪ್ಪು ನೀರು ನಾಲಿಗೆಗೆ ತಿಳಿಯುತ್ತದೆ. ಆರ್ಸೆನಿಕ್ ಬೆರೆತ ನೀರು ಮಾತ್ರ ತಿಳಿಯಾಗಿಯೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೂ ಅದು ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳ ಚಿನ್ನದ ಅದಿರಿನ ಪ್ರದೇಶದ ಕೆಲವು ಗ್ರಾಮಗಳ ಅಂತರ್ಜಲದಲ್ಲಿ ಆರ್ಸೆನಿಕ್ ಪತ್ತೆಯಾಗಿರುವುದರಿಂದ ಇದು ಪರನಾಡಿನ ಸಂಗತಿಯಲ್ಲ. ಭಾರತೀಯ ಮಾನಕದಂತೆ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಹಾಗೂ ಸೀಸ ತಲಾ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003 ಮಿಲಿಗ್ರಾಂ ಮೀರಬಾರದು.

ದೇಹ ಸೇರುವ ಇಂತಹ ವಿಷವನ್ನು ಮೊಸರಿನಲ್ಲಿರುವಂತಹ ಹಿತಕರ ಬ್ಯಾಕ್ಟೀರಿಯಾ, ಅಂದರೆ ಪ್ರೋಬಯಾಟಿಕ್ ಜೀವಾಣುಗಳು ತಗ್ಗಿಸಬಲ್ಲವೇ ಎಂಬುದು ವಿಜ್ಞಾನಿಗಳು ಪರಿಶೀಲಿಸುತ್ತಿರುವ ಪ್ರಶ್ನೆ. ಲ್ಯಾಕ್ಟೋಬ್ಯಾಸಿಲಸ್ ಜೀವಾಣುವಿನ ಹೊರಗೋಡೆಯಲ್ಲಿ ಋಣ ವಿದ್ಯುದಂಶವುಳ್ಳ ರಾಸಾಯನಿಕ ಗುಂಪುಗಳಿವೆ. ಧನ ವಿದ್ಯುದಂಶವುಳ್ಳ ಸೀಸ, ಕ್ಯಾಡ್ಮಿಯಂ ಅಯಾನುಗಳು ಅವುಗಳಿಗೆ ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ ಲೋಹ ಕರುಳಿನಿಂದ ರಕ್ತಕ್ಕೆ ಸೇರದೆ ಮಲದೊಡನೆ ಹೊರಹೋಗುತ್ತದೆ. ಚೀನಾದ ಜಿಯಾಂಗ್ನಾನ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಈ ಬಗೆಯ ರಕ್ಷಣೆ ಕಂಡುಬಂದಿದೆ.

ಮನುಷ್ಯರಲ್ಲಿ ನಡೆದ ಗಮನಾರ್ಹ ಅಧ್ಯಯನ ಆಫ್ರಿಕಾದ ಟಾಂಜಾನಿಯಾ ದೇಶದ್ದು. ವಿಕ್ಟೋರಿಯಾ ಸರೋವರದ ದಂಡೆಯ ಮ್ವಾಂಜಾದಲ್ಲಿ ಗರ್ಭಿಣಿಯರಿಗೂ ಶಾಲಾ ಮಕ್ಕಳಿಗೂ ವಿಶೇಷ ಜೀವಾಣು ಹಾಗೂ ನುಗ್ಗೆಸೊಪ್ಪಿನ ಪುಡಿ ಸೇರಿಸಿದ ಮೊಸರನ್ನು ನೀಡಲಾಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಮೊಸರನ್ನು ಸೇವಿಸಿದ ಗರ್ಭಿಣಿಯರ ರಕ್ತದಲ್ಲಿ ಪಾದರಸ ಮತ್ತು ಆರ್ಸೆನಿಕ್ ಮತ್ತಷ್ಟು ಏರುವುದಕ್ಕೆ ತಡೆಯುಂಟಾಯಿತು. ಮಕ್ಕಳಲ್ಲಿ ಅಂತಹ ಖಚಿತ ಪರಿಣಾಮ ಕಂಡುಬರಲಿಲ್ಲ.

ಈ ಫಲಿತಾಂಶವನ್ನು ಸದಸ್ಯರು ಅಳತೆಯರಿತು ಗ್ರಹಿಸುವುದು ಅಗತ್ಯ. ಮೊದಲನೆಯದಾಗಿ, ಅದು ಕಿರು ಪ್ರಮಾಣದ ಪ್ರಾಯೋಗಿಕ ಅಧ್ಯಯನ. ಎರಡನೆಯದಾಗಿ, ಅಲ್ಲಿ ಕಂಡದ್ದು ಹೊಸ ಏರಿಕೆಗೆ ತಡೆಯೇ ಹೊರತು ದೇಹದಲ್ಲಿ ಈಗಾಗಲೇ ನೆಲೆಸಿದ ವಿಷದ ನಿರ್ಮೂಲನೆಯಲ್ಲ. ಸೀಸವಂತೂ ಮೂಳೆಗಳಲ್ಲಿ ದಶಕಗಳ ಕಾಲ ಉಳಿಯುತ್ತದೆ. ಮೂರನೆಯದಾಗಿ, ಜೀವಾಣುವಿನ ಒಂದೊಂದು ತಳಿಯ ಗುಣ ಒಂದೊಂದು ಬಗೆ. ಮನೆಯ ಹೆಪ್ಪಿನಿಂದಾದ ಮೊಸರು ಉತ್ತಮ ಆಹಾರವೇ ಆದರೂ ಅದನ್ನು ವಿಷಹಾರಿ ಔಷಧವೆಂದು ಸಾರಲಾಗದು. ಆದುದರಿಂದ ದೇಹದ ವಿಷವನ್ನೆಲ್ಲ ಹೊರಹಾಕುವುದೆಂದು ಸಾರಿ ಮಾರುವ ಪುಡಿ, ಮಾತ್ರೆಗಳಿಗೆ ಪಂಚಾಯಿತಿಯ ಬೆಂಬಲ ಸಲ್ಲದು.

ಬೆಳಿಗ್ಗೆ ಬಟ್ಟಲು ಮೊಸರುಂಡ ಗರ್ಭಿಣಿಯು ದಿನವಿಡೀ ಅದೇ ಕೊಳವೆಬಾವಿಯ ನೀರನ್ನು ಕುಡಿಯುತ್ತಿದ್ದರೆ ವಿಷದ ದಾರಿ ತೆರೆದೇ ಇರುತ್ತದೆ. ಅದನ್ನು ಮುಚ್ಚುವ ಅಧಿಕಾರ ಆಕೆಯ ಕೈಯಲ್ಲಿಲ್ಲ; ಪಂಚಾಯಿತಿಯ ಕೈಯಲ್ಲಿದೆ.

ಗ್ರಾಮ ಮಟ್ಟದ ಪರೀಕ್ಷಾ ಕಿಟ್ಟುಗಳು ಎಲ್ಲ ಲೋಹಗಳನ್ನೂ ಗುರುತಿಸಲಾರವು. ಆದ್ದರಿಂದ ಪ್ರತಿಯೊಂದು ಜಲಮೂಲದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವಾಗ ಆರ್ಸೆನಿಕ್, ಸೀಸ, ಕ್ಯಾಡ್ಮಿಯಂಗಳ ಪರೀಕ್ಷೆಯನ್ನು ಹೆಸರಿಸಿಯೇ ಕೋರಬೇಕು. ವರದಿಯನ್ನು ಕಡತದಲ್ಲಿರಿಸದೆ ಗ್ರಾಮ ಸಭೆಯಲ್ಲಿ ಓದಿ ಹೇಳಬೇಕು. ಮಿತಿ ಮೀರಿದ ಮೂಲಕ್ಕೆ, ಬಾಂಗ್ಲಾದೇಶದಲ್ಲಿ ಮಾಡಿದಂತೆ, ಕೆಂಪು ಬಣ್ಣ ಬಳಿದು ಕುಡಿಯಲೂ ಅಡುಗೆಗೂ ಬಳಸದಂತೆ ಸೂಚಿಸಬೇಕು. ಪರ್ಯಾಯ ನೀರಿನ ವ್ಯವಸ್ಥೆಯೂ ಜೊತೆಯಲ್ಲೇ ಆಗಬೇಕು. ಅಂತಹ ನೀರಿನಲ್ಲಿ ಬೆಂದ ಅನ್ನಕ್ಕೂ ಆರ್ಸೆನಿಕ್ ಸೇರುವುದರಿಂದ ಅಂಗನವಾಡಿ ಮತ್ತು ಶಾಲೆಯ ಅಡುಗೆಮನೆಯ ನೀರನ್ನು ಮೊದಲು ಪರೀಕ್ಷಿಸುವುದು ಯುಕ್ತ.

ಆಹಾರದ ಪಾತ್ರವೂ ಕಡಿಮೆಯದಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯಿರುವ ದೇಹ ಸೀಸವನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. 2017ರಲ್ಲಿ ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯ ಊಟ ಪ್ರತಿಯೊಬ್ಬ ಗರ್ಭಿಣಿಗೂ ತಲುಪುವಂತೆ ನೋಡಿಕೊಳ್ಳುವುದು ಈ ದೃಷ್ಟಿಯಿಂದಲೂ ಮುಖ್ಯ. ಅಂಗೈ, ಅಂಗಾಲುಗಳ ಚರ್ಮ ಗಡುಸಾದವರನ್ನು, ಮೈಮೇಲೆ ಕಪ್ಪು ಮಚ್ಚೆಗಳೆದ್ದವರನ್ನು ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು.

ಮುಂದಿನ ಗ್ರಾಮ ಸಭೆಯ ಕಾರ್ಯಸೂಚಿಯಲ್ಲಿ ಜಲಮೂಲಗಳ ಲೋಹ ಪರೀಕ್ಷೆಯನ್ನು ಒಂದು ವಿಷಯವಾಗಿ ಸೇರಿಸಿ ನಿರ್ಣಯ ಕೈಗೊಳ್ಳಬೇಕೆಂದು ಸದಸ್ಯರಲ್ಲಿ ವಿನಂತಿ.