ಮಿಂಚಂಚೆ ಸಾಗುವ ಬಗೆ

ಕಳೆದ ಬೇಸಗೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. “ಮೇಷ್ಟ್ರೇ, ಕೆಲಸಕ್ಕೆ ಅರ್ಜಿ ಕಳುಹಿಸಿದ್ದೆ. ಹೋಯಿತೆಂದು ಫೋನಿನಲ್ಲಿ ತೋರಿಸಿತು. ಈಗ ಕೇಳಿದರೆ ಬಂದೇ ಇಲ್ಲವಂತೆ” ಎಂದು ಕಣ್ಣು ತುಂಬಿಕೊಂಡ. ಹೋಗುವುದಕ್ಕೂ ಸೇರುವುದಕ್ಕೂ ನಡುವೆ ನಡೆಯುವುದೇನು? ಅದನ್ನೇ ಇಂದು ನೋಡೋಣ.

ಮಿಂಚು, ಅಂಚೆ, ಲೋಪಸಂಧಿಯಾಗಿ ಮಿಂಚಂಚೆ. ಹೆಸರನ್ನು ಕೇಳಿದವರಿಗೆ ಕಾಗದವು ನೇರವಾಗಿ ಗೆಳೆಯನ ಕೈಗೆ ಹಾರಿತೆಂದು ತೋರುವುದು ಸಹಜ. ಆದರೆ ಗುಂಡಿ ಒತ್ತಿದೊಡನೆ ಅದು ಸೇರುವುದು ನಮ್ಮ ಕಡೆಯ ಅಂಚೆಮನೆಯನ್ನು, ಅಂದರೆ ಹಗಲಿರುಳು ಎಚ್ಚರವಾಗಿರುವ ಸರ್ವರ್ ಎಂಬ ಗಣಕಯಂತ್ರವನ್ನು. ‘ಹೋಯಿತು’ ಎಂಬ ಮಾತಿಗೆ ಅಷ್ಟೇ ಅರ್ಥ.

ವಿಳಾಸದ ನಡುವೆ ‘ಅಟ್’ ಎಂಬ ಸುರುಳಿ ಗುರುತೊಂದಿದೆಯಷ್ಟೆ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಅದನ್ನು ಆರಿಸಿಕೊಂಡರು. ಅದರ ಎಡಕ್ಕಿರುವುದು ಆಸಾಮಿಯ ಹೆಸರು, ಬಲಕ್ಕಿರುವುದು ಊರಿನ ಹೆಸರಿದ್ದಂತೆ. ನಮ್ಮ ಸರ್ವರು ಮೊದಲು ಊರನ್ನು ನೋಡುತ್ತದೆ. ಆ ಊರಿನ ಅಂಚೆಮನೆ ಯಾವುದೆಂದು ಡಿ.ಎನ್.ಎಸ್. ಎಂಬ ವಿಳಾಸ ಪುಸ್ತಕದಿಂದ ತಿಳಿದು, ಅಲ್ಲಿಯ ಸರ್ವರಿನೊಡನೆ ಮಾತಿಗೆ ತೊಡಗುತ್ತದೆ. “ಇಂಥವರಿಂದ ಕಾಗದ, ಇಂಥವರಿಗೆ” ಎಂದರೆ, ಅತ್ತಲಿಂದ ಉತ್ತರ ಅಂಕಿಯಲ್ಲಿ ಬರುತ್ತದೆ. 250 ಎಂದರೆ ಆಗಲಿ. 550 ಎಂದರೆ ಒಲ್ಲೆ. ಅಂಥ ಹೆಸರಿನವರು ಇಲ್ಲದಿದ್ದರೆ ಸಾಮಾನ್ಯವಾಗಿ ಬರುವ ಉತ್ತರ ಇದೇ. ಈ ಸಂಭಾಷಣೆಯ ನಿಯಮಗಳನ್ನು 1982ರಲ್ಲಿ ಬರೆದಿಟ್ಟವರು ಜಾನ್ ಪೋಸ್ಟೆಲ್. ಎಂಥ ಅನ್ವರ್ಥನಾಮ! ತಿದ್ದುಪಡಿಗಳಾಗಿದ್ದರೂ ಮೂಲಕ್ರಮ ಇಂದಿಗೂ ಅದೇ.

ಆಚೆಯ ಸರ್ವರು ಕೆಟ್ಟು ನಿಂತಿದ್ದರೆ ಈಚೆಯದು ಕಾಗದವನ್ನು ಎಸೆಯುವುದಿಲ್ಲ. ಕಾದಿರಿಸಿಕೊಂಡು ಮತ್ತೆ ಮತ್ತೆ ಯತ್ನಿಸುತ್ತದೆ. ನಾಲ್ಕೈದು ದಿನ ಕಾಯುವುದೂ ಉಂಟು. ಸೇರಿದ ಕಾಗದವು ಅಲ್ಲಿಯ ಪೆಟ್ಟಿಗೆಯಲ್ಲಿರುತ್ತದೆ, ಒಮ್ಮೊಮ್ಮೆ ಕಸದ ಕಾಗದಗಳ ಪೆಟ್ಟಿಗೆಯಲ್ಲಿ! ಪಡೆಯುವವರ ಫೋನು ಅಲ್ಲಿಂದ ಅದನ್ನು ತರಿಸಿಕೊಳ್ಳುತ್ತದೆ. ಸೇರದೆ ಹೋದರೆ ನಮ್ಮ ಸರ್ವರೇ ಕಾರಣ ಬರೆದು ನಮಗೆ ತಿಳಿಸುತ್ತದೆ.

ಶಿಷ್ಯನ ಪೆಟ್ಟಿಗೆಯನ್ನು ಇಬ್ಬರೂ ಕೂಡಿ ಹುಡುಕಿದೆವು. ಹೆಸರಿನಲ್ಲಿ ಒಂದಕ್ಷರ ಬಿಟ್ಟುಹೋಗಿತ್ತು. ಅರ್ಜಿ ಕಳುಹಿಸಿದ ಎರಡೇ ನಿಮಿಷಕ್ಕೆ ‘ಮೇಲರ್ ಡೀಮನ್’ ಎಂಬ ಹೆಸರಿನಿಂದ ಉತ್ತರ ಬಂದಿತ್ತು. ಗಣಕದವರ ಪರಿಭಾಷೆಯಲ್ಲಿ ಡೀಮನ್ ಎಂದರೆ ತೆರೆಮರೆಯಲ್ಲಿ ದುಡಿಯುವ ಪರಿಚಾರಕ. ಹುಡುಗ ಪಿಶಾಚಿಯೆಂದು ಅರ್ಥಮಾಡಿಕೊಂಡು, ಯಾರೋ ಮೋಸಗಾರರದೆಂದು ತೆರೆಯದೆ ಬಿಟ್ಟಿದ್ದ. ಆಗ ಕೊನೆಯ ತಾರೀಖಿಗೆ ಇನ್ನೂ ಮೂರು ದಿನವಿತ್ತು.